ಮೆದುಳನ್ನು ಅಳೆಯುವವರ ಜೊತೆ: ಓದುಗರ ಪ್ರಶ್ನೆ, ಪರಿಣತರ ಉತ್ತರ

ನರವಿಜ್ಞಾನದ ಪಾಠ, ಪ್ರಯೋಗ, ಸಂಶೋಧನೆ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿ, ಈ ವಿಷಯ ಕಲಿಸುವವರಿಂದಲೇ ಉತ್ತರ ಬರೆಸಿದ್ದೇವೆ. ಕಾಯಿಲೆ, ಔಷಧಿಯ ಪ್ರಶ್ನೆಗಳನ್ನು ಬಿಟ್ಟಿದ್ದೇವೆ. ಅವಕ್ಕೆ ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರೇ ಉತ್ತರ ಹೇಳಬೇಕು.

ಮಗಳು ಬಿ.ಎಸ್ಸಿ. ಮುಗಿಸುತ್ತಿದ್ದಾಳೆ, ಮುಂದೆ ನ್ಯೂರೋಸೈನ್ಸ್ ಓದುತ್ತೇನೆ ಎನ್ನುತ್ತಾಳೆ. ಅವಳು ತೋರಿಸಿದ ಒಬ್ಬ ಉಪನ್ಯಾಸಕರ ಪರಿಚಯದಲ್ಲಿ ‘ಬೋಧನೆ: ಕೋಶಮಟ್ಟದ ನರವಿಜ್ಞಾನ, ಸಂಶೋಧನಾಸಕ್ತಿ: ಹಿಪೊಕ್ಯಾಂಪಸ್‌ನ ಸಿನಾಪ್ಟಿಕ್ ಪ್ಲಾಸ್ಟಿಸಿಟಿ, ಸ್ಲೈಸ್ ಎಲೆಕ್ಟ್ರೋಫಿಸಿಯಾಲಜಿ’ ಎಂದಿತ್ತು. ಇವರು ದಿನವಿಡೀ ಮಾಡುವ ಕೆಲಸವಾದರೂ ಏನು?
– ಒಬ್ಬ ತಂದೆ, ಹಾಸನ

ಕಿವಿಯ ನೇರಕ್ಕೆ ಒಳಗೆ, ಎರಡೂ ಬದಿಗೆ ಒಂದೊಂದರಂತೆ, ಸಮುದ್ರಕುದುರೆಯ ಹಾಗೆ ಬಾಗಿದ ಒಂದು ಭಾಗವಿದೆ. ಅದೇ ಹಿಪೊಕ್ಯಾಂಪಸ್, ಹೆಸರು ಬಂದದ್ದೂ ಆ ಆಕಾರದಿಂದಲೇ. 1953ರಲ್ಲಿ ಅಮೆರಿಕದ ಒಬ್ಬ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಎರಡೂ ಬದಿಯ ಈ ಭಾಗದಲ್ಲಿ ದೊಡ್ಡ ಪಾಲನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಅವನಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯ ನೆನಪಿತ್ತು, ಮಾತು ಸರಿಯಿತ್ತು, ಕನ್ನಡಿ ನೋಡಿ ಚಿತ್ರ ತಿದ್ದುವಂಥ ಕೈಚಳಕವನ್ನೂ ದಿನದಿಂದ ದಿನಕ್ಕೆ ಕಲಿತ. ಕಲಿತದ್ದು ಮಾತ್ರ ನೆನಪಿರಲಿಲ್ಲ. ಬ್ರೆಂಡಾ ಮಿಲ್ನರ್ ಅವನನ್ನು ದಶಕಗಳ ಕಾಲ ಪರೀಕ್ಷಿಸಿದರು. ಪುಸ್ತಕಗಳಲ್ಲಿ ‘ಎಚ್.ಎಂ.’ ಎಂದಷ್ಟೇ ಇದ್ದ ಹೆನ್ರಿ ಮೊಲೈಸನ್ ಅವರ ಪೂರ್ಣ ಹೆಸರು ಹೊರಬಂದದ್ದು 2008ರಲ್ಲಿ ಅವರು ತೀರಿಕೊಂಡ ಮೇಲೆ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗ ಸಿನಾಪ್ಸ್. ಅಲ್ಲಿನ ಸಂದಿ ಸುಮಾರು 20 ನ್ಯಾನೋಮೀಟರ್. ಸುದ್ದಿ ದಾಟುವ ಬಲ ಬಳಕೆಗೆ ತಕ್ಕಂತೆ ಹೆಚ್ಚು ಕಡಿಮೆ ಆಗುವುದಕ್ಕೆ ಪ್ಲಾಸ್ಟಿಸಿಟಿ ಎನ್ನುತ್ತಾರೆ. ಮೊಲದ ಹಿಪೊಕ್ಯಾಂಪಸ್‌ಗೆ ಕೆಲವೇ ಸೆಕೆಂಡು ವೇಗದ ವಿದ್ಯುತ್ ಮಿಡಿತ ಕೊಟ್ಟರೆ ಸಿನಾಪ್ಸ್‌ಗಳ ಬಲ ಗಂಟೆಗಟ್ಟಲೆ ಏರಿಯೇ ಇರುತ್ತದೆಂದು 1973ರಲ್ಲಿ ಬ್ಲಿಸ್ ಮತ್ತು ಲೋಮೊ ಪ್ರಕಟಿಸಿದರು. ಅದಕ್ಕೆ ಲ್ಯಾಬ್‌ಗಳಲ್ಲಿ ಎಲ್‌ಟಿಪಿ ಎಂಬ ಹೆಸರು. ಇನ್ನು ಸ್ಲೈಸ್: ಇಲಿಯ ಮೆದುಳನ್ನು ಅಂಚೆ ಕಾರ್ಡಿಗಿಂತ ತುಸು ದಪ್ಪದ, ಅಂದರೆ 0.3ರಿಂದ 0.4 ಮಿ.ಮೀ. ಹೋಳುಗಳಾಗಿ ಕೊಯ್ದು, ಆಮ್ಲಜನಕ ಗುಳುಗುಳಿಸುವ ಉಪ್ಪುನೀರಿನಲ್ಲಿ ಆರೆಂಟು ಗಂಟೆ ಜೀವಂತವಾಗಿಟ್ಟು ವಿದ್ಯುತ್ ಅಳೆಯುವುದು.

ಹೀಗಾಗಿ ಪ್ರಯೋಗದ ದಿನ ಬೆಳಿಗ್ಗೆ ದ್ರಾವಣ ಮಾಡುವುದು, ಹೋಳು ಕೊಯ್ಯುವುದು; ಮಧ್ಯಾಹ್ನದಿಂದ ರಾತ್ರಿವರೆಗೆ ಸೂಕ್ಷ್ಮದರ್ಶಕದ ಮುಂದೆ ಕೂರುವುದು. ಉಳಿದ ದಿನ ಪಾಠ, ಲೆಕ್ಕ, ಉತ್ತರಪತ್ರಿಕೆ. ಮಗಳಿಗೆ ಒಂದು ಮಾತು ಹೇಳಿ: ಪರಿಚಯ ಓದುವಾಗ ವಿಷಯದ ಹೆಸರಿಗಿಂತ ವಿಧಾನದ ಹೆಸರು ನೋಡಲಿ. ‘ನೆನಪು’ ಎಂದು ಬರೆದುಕೊಂಡವರು ಬೇಕಾದಷ್ಟು ಮಂದಿ. ಅದನ್ನು ಯಾವುದರಿಂದ ಅಳೆಯುತ್ತಾರೆ ಎಂಬುದೇ ಅವಳ ಮುಂದಿನ ಐದಾರು ವರ್ಷದ ದಿನಚರಿ. ಸ್ಲೈಸ್ ಎಂದರೆ ಕತ್ತಲೆ ಕೋಣೆಯಲ್ಲಿ ಒಂಟಿ ಕೆಲಸ. ಎಫ್‌ಎಂಆರ್‌ಐ (ಕೆಲಸದಲ್ಲಿರುವ ಮೆದುಳಿನ ಸ್ಕ್ಯಾನ್) ಎಂದರೆ ಬಹುಪಾಲು ಕಂಪ್ಯೂಟರ್ ಕೋಡ್. ನಡವಳಿಕೆಯ ಪ್ರಯೋಗವೆಂದರೆ ಭಾನುವಾರವೂ ಇಲಿಯ ತೂಕ ನೋಡಿ ತರಬೇತಿ ಕೊಡಬೇಕು. ಯಾವುದು ತನಗೆ ಒಗ್ಗುತ್ತದೆಂದು ತಿಳಿಯಲು ಒಂದು ಬೇಸಿಗೆ ರಜೆಯ ಪ್ರಾಜೆಕ್ಟ್ ಸಾಕು.

ಆ್ಯಕ್ಷನ್ ಪೊಟೆನ್ಷಿಯಲ್ (ನರಕೋಶದ ವಿದ್ಯುತ್ ಮಿಡಿತ, ಅಂದರೆ ಸ್ಪೈಕ್) ಬಂದಾಗಲೆಲ್ಲ ಸೋಡಿಯಂ ಒಳಗೆ ನುಗ್ಗುತ್ತದೆ ಎಂದು ಓದಿದ್ದೇವೆ. ಹಾಗಾದರೆ ಹತ್ತಾರು ಸಲ ಆದ ಮೇಲೆ ಕೋಶದ ತುಂಬ ಸೋಡಿಯಂ ಆಗಿಬಿಡಬೇಕಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ತರಗತಿಯಲ್ಲಿ ಈ ಪ್ರಶ್ನೆ ಏಳದಿದ್ದರೆ ಪಾಠ ತಲೆಗೆ ಹೋಗಿಲ್ಲವೆಂದೇ ಅರ್ಥ. ಲೆಕ್ಕ ಮಾಡಿಯೇ ನೋಡೋಣ.

ಕೋಶಪೊರೆ ಒಂದು ಕೆಪಾಸಿಟರ್; ಚದರ ಸೆಂ.ಮೀ.ಗೆ ಸುಮಾರು 1 ಮೈಕ್ರೋಫ್ಯಾರಡ್. 20 ಮೈಕ್ರಾನ್ ವ್ಯಾಸದ ಗುಂಡನೆಯ ಕೋಶ ತೆಗೆದುಕೊಳ್ಳಿ. ಅದರ ಮೇಲ್ಮೈ 1,257 ಚದರ ಮೈಕ್ರಾನ್, ಕೆಪಾಸಿಟೆನ್ಸ್ ಸುಮಾರು 12.6 ಪಿಕೋಫ್ಯಾರಡ್. ಒಳಗಿನ ವೋಲ್ಟೇಜನ್ನು 100 ಮಿಲಿವೋಲ್ಟ್ ಬದಲಿಸಲು ಬೇಕಾದ ವಿದ್ಯುದಂಶ 1.26 ಪಿಕೋಕೂಲಂಬ್, ಅಂದರೆ ಸುಮಾರು 79 ಲಕ್ಷ ಸೋಡಿಯಂ ಅಯಾನು. ದೊಡ್ಡ ಸಂಖ್ಯೆ ಎನ್ನಿಸುತ್ತದೆ. ಆದರೆ ಅದೇ ಕೋಶದೊಳಗೆ, ಲೀಟರಿಗೆ 12 ಮಿಲಿಮೋಲ್‌ನಂತೆ, ಮೊದಲೇ ಇರುವ ಸೋಡಿಯಂ ಸುಮಾರು 3,000 ಕೋಟಿ ಅಯಾನು. ಹೊಸದಾಗಿ ಬಂದದ್ದು ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲು. ಪೊಟ್ಯಾಸಿಯಂ ಹೊರಗೆ ಹೋಗುವುದು ಅದೇ ಹೊತ್ತಿಗೆ ಶುರುವಾಗುವುದರಿಂದ ನಿಜಕ್ಕೂ ಒಳಬರುವ ಸೋಡಿಯಂ ಈ ಕನಿಷ್ಠಕ್ಕಿಂತ ಹೆಚ್ಚು. ಆದರೂ ಸಂತೆಯಲ್ಲಿ ಸೂಜಿ ಬಿದ್ದಂತೆ.

ಆದ್ದರಿಂದ ‘ಪ್ರತಿ ಸ್ಪೈಕ್ ಆದ ಮೇಲೆ ಪಂಪ್ ವೋಲ್ಟೇಜನ್ನು ಹಿಂದಕ್ಕೆ ತರುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆಯಬೇಡಿ. ಬಹಳ ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪು ಅದು. ವೋಲ್ಟೇಜ್ ಹಿಂದಕ್ಕೆ ತರುವುದು ಸೋಡಿಯಂ ಚಾನೆಲ್ ಮುಚ್ಚಿಕೊಳ್ಳುವುದು ಮತ್ತು ಪೊಟ್ಯಾಸಿಯಂ ಹೊರಹೋಗುವುದು. ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಸಾಗಿಸುವ ಪಂಪ್ ಹಿಂದಿನಿಂದ ನಿಧಾನವಾಗಿ ಸಾಂದ್ರತೆ ಸರಿಮಾಡುತ್ತದೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ವಿಷ ಹಾಕಿ ಪಂಪ್ ನಿಲ್ಲಿಸಿದರೂ ಅದು ಬಹಳ ಹೊತ್ತು ಸ್ಪೈಕ್ ಕೊಡುತ್ತಲೇ ಇರುತ್ತದೆ. ನಮ್ಮ ಮೆದುಳಿನ 0.2 ಮೈಕ್ರಾನ್‌ನ ತೆಳು ತಂತುವಿನ ಕಥೆ ಬೇರೆ. ಅಲ್ಲಿ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಇದೇ ಲೆಕ್ಕ ಒಂದು ಸ್ಪೈಕಿಗೆ ಸುಮಾರು ಶೇ 1.7 ಎಂದು ಬರುತ್ತದೆ. ಪಂಪ್ ಬಿಡುವಿಲ್ಲದೆ ದುಡಿಯಲೇಬೇಕು. ದೇಹದ ತೂಕದ ಶೇ 2ರಷ್ಟಿರುವ ಮೆದುಳು ಶೇ 20ರಷ್ಟು ಶಕ್ತಿ ತಿನ್ನುವುದರಲ್ಲಿ ಈ ಪಂಪ್‌ಗಳ ಪಾಲು ದೊಡ್ಡದು.

ನರ್ನ್‌ಸ್ಟ್ ಸಮೀಕರಣ (ಒಳಗಿನ, ಹೊರಗಿನ ಸಾಂದ್ರತೆಯಿಂದ ಅಯಾನಿನ ಸಮತೋಲನ ವೋಲ್ಟೇಜ್ ತೆಗೆಯುವ ಸೂತ್ರ) ಹಾಕುವಾಗ ಒಂದು ಎಚ್ಚರಿಕೆ. ಸ್ಕ್ವಿಡ್‌ನ ಕೋಷ್ಟಕದಿಂದ (ಪೊಟ್ಯಾಸಿಯಂ ಒಳಗೆ 400, ಹೊರಗೆ 20) ಅಂಕಿ ತೆಗೆದು, ಮನುಷ್ಯನ 37 ಡಿಗ್ರಿಯ 61.5 ಎಂಬ ಗುಣಕದಿಂದ ಗುಣಿಸಬೇಡಿ. ಸ್ಕ್ವಿಡ್‌ಗೆ 20 ಡಿಗ್ರಿಯಲ್ಲಿ 58 ಹಾಕಿದರೆ −75 ಮಿಲಿವೋಲ್ಟ್. ಸಸ್ತನಿಗೆ ಒಳಗೆ 140, ಹೊರಗೆ 5 ಇಟ್ಟು 61.5 ಹಾಕಿದರೆ −89. ಕ್ಲೋರೈಡ್ ಋಣ ಅಯಾನು, ಅಲ್ಲಿ ಚಿಹ್ನೆ ತಿರುಗುತ್ತದೆ.

ಇಲಿಯ ಹಿಪೊಕ್ಯಾಂಪಸ್ ಸ್ಲೈಸ್‌ನಲ್ಲಿ ಸಿಎ1 ಎಂಬ ಭಾಗದಲ್ಲಿ ಫೀಲ್ಡ್ ರೆಕಾರ್ಡಿಂಗ್ (ಹಲವು ಕೋಶಗಳ ಒಟ್ಟು ಪ್ರತಿಕ್ರಿಯೆಯ ಅಳತೆ) ಮಾಡುತ್ತಿದ್ದೇನೆ. ಬೇಸ್‌ಲೈನ್ (ಆರಂಭದ ಪ್ರತಿಕ್ರಿಯೆ) ಅರ್ಧ ಗಂಟೆಯಲ್ಲಿ ಶೇ 30 ಇಳಿಯುತ್ತದೆ. ಕೆಲವು ದಿನ ಎಸಿಎಸ್‌ಎಫ್ (ಹೋಳು ಇಡುವ ಉಪ್ಪುನೀರು) ಬಾಟಲಿಯಲ್ಲಿ ಬಿಳಿ ಮಬ್ಬು. 100 ಹರ್ಟ್ಸ್ ಕೊಟ್ಟ ಮೇಲೆ ಏರಿದ ಎಲ್‌ಟಿಪಿ ಇಪ್ಪತ್ತು ನಿಮಿಷದಲ್ಲಿ ಇಳಿದುಹೋಗುತ್ತದೆ. ತಪ್ಪು ಎಲ್ಲಿ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಮೂರೂ ತೊಂದರೆಗೆ ಒಂದೇ ಬೇರು ಇರಬಹುದು, ಮೊದಲು ಬಾಟಲಿ ನೋಡಿ. ಬಿಳಿ ಮಬ್ಬು ಎಂದರೆ ಕ್ಯಾಲ್ಸಿಯಂ ಗಸಿಯಾಗಿ ಕೂತಿದೆ. ಬೈಕಾರ್ಬನೇಟ್ ದ್ರಾವಣಕ್ಕೆ ಅನಿಲ ಹಾಯಿಸುವ ಮೊದಲು ಪಿಎಚ್ 8ರ ಹತ್ತಿರವಿರುತ್ತದೆ. ಆಗ ಕ್ಯಾಲ್ಸಿಯಂ ಸುರಿದರೆ ಕಾರ್ಬನೇಟ್, ಫಾಸ್ಫೇಟ್ ಆಗಿ ಕೆಳಗಿಳಿಯುತ್ತದೆ. ಒಮ್ಮೆ ಮಬ್ಬಾದ ಬಾಟಲಿಯನ್ನು ಮತ್ತೆ ತಿಳಿಯಾಗಿಸಲು ಹೋಗಬೇಡಿ, ಚೆಲ್ಲಿ. ಅದರಲ್ಲಿ ಎಷ್ಟು ಕ್ಯಾಲ್ಸಿಯಂ ಉಳಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಒಂದು ಲೀಟರಿಗೆ ಸಾಮಾನ್ಯ ಅಳತೆ: ಸೋಡಿಯಂ ಕ್ಲೋರೈಡ್ 7.25 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.186 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.15 ಗ್ರಾಂ, ಸೋಡಿಯಂ ಬೈಕಾರ್ಬನೇಟ್ 2.18 ಗ್ರಾಂ, ಗ್ಲೂಕೋಸ್ 1.8 ಗ್ರಾಂ. 900 ಮಿ.ಲೀ. ನೀರಿನಲ್ಲಿ ಇವನ್ನು ಕರಗಿಸಿ, ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈ ಆಕ್ಸೈಡ್ ಮಿಶ್ರಣವನ್ನು 15–20 ನಿಮಿಷ ಹಾಯಿಸಿ. ಆಮೇಲೆ 1 ಮೋಲಾರ್ ದ್ರಾವಣದಿಂದ ಮೆಗ್ನೀಸಿಯಂ ಕ್ಲೋರೈಡ್ 1.3 ಮಿ.ಲೀ., ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ 2.5 ಮಿ.ಲೀ., ಕಲಕುತ್ತಾ ಹನಿಹನಿಯಾಗಿ. ನಂತರ ಒಂದು ಲೀಟರ್ ಮಾಡಿ. ಪಿಎಚ್ 7.4, ಆಸ್ಮೊಲಾರಿಟಿ 300ರ ಆಸುಪಾಸು ಇರಬೇಕು. ಈ ಅಳತೆ ಸರಿಬಂದಿದೆ ಎಂದು ನಿಶ್ಚಿಂತರಾಗಬೇಡಿ: ಗ್ಲೂಕೋಸ್ ಹಾಕುವುದನ್ನು ಪೂರ್ತಿ ಮರೆತರೂ ಆಸ್ಮೋಮೀಟರ್ ಇಳಿಯುವುದು 10 ಮಾತ್ರ. ಸಕ್ಕರೆಯಿಲ್ಲದ ಹೋಳು ತಕ್ಷಣ ಸಾಯುವುದಿಲ್ಲ, ಮೆಲ್ಲಗೆ ಇಳಿಯುತ್ತದೆ. ನೀವು ಹೇಳುವ ಇಳಿತದ ಹಾಗೆಯೇ.

ದ್ರಾವಣ ಸರಿಯಿದ್ದೂ ಇಳಿದರೆ ಫೈಬರ್ ವಾಲಿ ನೋಡಿ. ಪ್ರತಿಕ್ರಿಯೆಯ ಇಳಿಜಾರಿಗೆ ಮೊದಲು, ಪ್ರಚೋದನೆಯ ಬೆನ್ನಿಗೇ ಬರುವ ಚಿಕ್ಕ ಕೆಳಮುಖ ಏಣು ಅದು. ಎಷ್ಟು ತಂತುಗಳು ಸಿಡಿದವು ಎಂಬುದರ ಗುರುತು. ವಾಲಿಯೂ ಇಳಿಯುತ್ತಿದ್ದರೆ ದೋಷ ಪ್ರಚೋದಕ ಎಲೆಕ್ಟ್ರೋಡಿನಲ್ಲಿ, ಅಥವಾ ಹೋಳು ಜಾರುತ್ತಿದೆ, ಅಥವಾ ತಂತುಗಳೇ ಸಾಯುತ್ತಿವೆ. ವಾಲಿ ಹಾಗೇ ಇದ್ದು ಇಳಿಜಾರು ಮಾತ್ರ ಕುಗ್ಗಿದರೆ ಸಿನಾಪ್ಸ್‌ಗೆ ತೊಂದರೆ. ಮೊದಲ ಅನುಮಾನ ಆಮ್ಲಜನಕದ ಮೇಲಿರಲಿ. ಮುಳುಗಿಸಿಡುವ ಚೇಂಬರಿನಲ್ಲಿ 400 ಮೈಕ್ರಾನ್ ಹೋಳಿಗೆ ನಿಮಿಷಕ್ಕೆ 2 ಮಿ.ಲೀ. ಹರಿವು ಎಷ್ಟೋ ಸಲ ಸಾಲದು. 3 ಅಥವಾ 4 ಮಾಡಿ, ಹೋಳನ್ನು ಜಾಳಿಗೆಯ ಮೇಲಿಟ್ಟು ಅಡಿಯಿಂದಲೂ ದ್ರವ ಹರಿಯುವಂತೆ ನೋಡಿಕೊಳ್ಳಿ. ಬಾಟಲಿಯಿಂದ ಚೇಂಬರಿಗೆ ಬರುವ ಪ್ಲಾಸ್ಟಿಕ್ ಕೊಳವೆ ಉದ್ದವಾದಷ್ಟೂ ದಾರಿಯಲ್ಲೇ ಅನಿಲ ಸೋರುತ್ತದೆ. ಹೀಟರಿನ ಉಷ್ಣತೆಯನ್ನು ಹೀಟರಿನಲ್ಲಿ ಓದಬೇಡಿ, ಹೋಳಿನ ಪಕ್ಕ ಓದಿ.

ಕೊಯ್ಯುವಾಗಿನ ನಿಧಾನವೂ ಆಮೇಲೆ ಹೀಗೇ ಕಾಣುತ್ತದೆ. ಮೆದುಳು ಹೊರಬಂದು ಮಂಜಿನಷ್ಟು ತಣ್ಣನೆಯ ದ್ರವಕ್ಕೆ ಬೀಳಲು ಒಂದು ನಿಮಿಷ ಮೀರಬಾರದು. ವೈಬ್ರಟೋಮ್ (ಹೋಳು ಕೊಯ್ಯುವ ಯಂತ್ರ) ಬ್ಲೇಡ್ ಪ್ರತಿ ಮೆದುಳಿಗೂ ಹೊಸದು. ಉಳಿತಾಯ ಮಾಡುವ ಜಾಗ ಇದಲ್ಲ. ಕೊಯ್ದ ಹೋಳು ಅರ್ಧ ಗಂಟೆ 32–34 ಡಿಗ್ರಿಯಲ್ಲಿ, ಆಮೇಲೆ ಕನಿಷ್ಠ ಒಂದು ಗಂಟೆ ಕೋಣೆಯ ಉಷ್ಣತೆಯಲ್ಲಿ ಸುಧಾರಿಸಿಕೊಳ್ಳಲಿ. ಚೇಂಬರಿಗೆ ಹಾಕಿದ ಮೇಲೂ ಅರ್ಧ ಗಂಟೆ ಮುಟ್ಟಬೇಡಿ.

ಪ್ರಚೋದನೆ 30 ಸೆಕೆಂಡಿಗೊಮ್ಮೆ ಸಾಕು. ಕುತೂಹಲಕ್ಕೆಂದು ಸೆಕೆಂಡಿಗೊಮ್ಮೆ ಹೊಡೆಯುತ್ತಾ ಕೂತರೆ ನೀವೇ ಸಿನಾಪ್ಸನ್ನು ದುರ್ಬಲ ಮಾಡುತ್ತೀರಿ. 1 ಹರ್ಟ್ಸ್‌ನಲ್ಲಿ 900 ಮಿಡಿತ ಕೊಡುವುದು ಎಲ್‌ಟಿಡಿ (ಎಲ್‌ಟಿಪಿಯ ಉಲ್ಟಾ, ಸಿನಾಪ್ಸ್ ಬಲದ ದೀರ್ಘ ಇಳಿತ) ತರಿಸುವ ಪ್ರಸಿದ್ಧ ಕ್ರಮವೇ. ಬಲವನ್ನು ಗರಿಷ್ಠ ಪ್ರತಿಕ್ರಿಯೆಯ ಶೇ 40ರ ಹತ್ತಿರ ಇಡಿ: ಅದಕ್ಕಿಂತ ಹೆಚ್ಚಾದರೆ ಏರಲು ಜಾಗವಿರುವುದಿಲ್ಲ, ಪಾಪ್ಯುಲೇಷನ್ ಸ್ಪೈಕ್ (ಹಲವು ಕೋಶ ಒಟ್ಟಿಗೆ ಸಿಡಿದ ಗುರುತು) ನುಸುಳಿ ಇಳಿಜಾರಿನ ಅಳತೆ ಕೆಡಿಸುತ್ತದೆ. ಎತ್ತರ ಅಳೆಯಬೇಡಿ, ಆರಂಭದ ಇಳಿಜಾರು ಅಳೆಯಿರಿ.

ಇಪ್ಪತ್ತು ನಿಮಿಷದಲ್ಲಿ ಕರಗಿದ್ದು ಎಲ್‌ಟಿಪಿಯೇ ಅಲ್ಲದಿರಬಹುದು. ಎಲ್‌ಟಿಪಿ ಶುರುಮಾಡುವ ಎನ್‌ಎಂಡಿಎ ಗ್ರಾಹಕ (ಸಿನಾಪ್ಸ್‌ನ ಒಂದು ಬಾಗಿಲು) ಸಾಕಷ್ಟು ತೆರೆಯದಿದ್ದರೆ ಬರುವ ಅಲ್ಪಾವಧಿಯ ಏರಿಕೆ ಹೀಗೆಯೇ ಇಳಿಯುತ್ತದೆ. ಆ ಬಾಗಿಲಿಗೆ ಅಡ್ಡ ಕೂರುವ ಮೆಗ್ನೀಸಿಯಂ ಜಾಸ್ತಿಯಾಗಿದೆಯೇ, ಮಿಡಿತದ ಸರಣಿ ಕೊಡುವಾಗ ಬಲ ತೀರಾ ಕಡಿಮೆಯಿತ್ತೇ ನೋಡಿ. ಆದರೆ ಅದಕ್ಕೂ ಮೊದಲು ಎರಡನೇ ಪ್ರಚೋದಕ ಎಲೆಕ್ಟ್ರೋಡ್ ಹಾಕಿ, ರೆಕಾರ್ಡಿಂಗ್ ಎಲೆಕ್ಟ್ರೋಡಿನ ಇನ್ನೊಂದು ಬದಿಗೆ. ಆ ದಾರಿಗೆ ವೇಗದ ಮಿಡಿತ ಕೊಡಬೇಡಿ. ಅದೂ ಇಳಿದರೆ ಸಾಯುತ್ತಿರುವುದು ಹೋಳು, ಎಲ್‌ಟಿಪಿಯಲ್ಲ. ಈ ಹೋಲಿಕೆ ಇಲ್ಲದ ಎಲ್‌ಟಿಪಿ ಗ್ರಾಫನ್ನು ನಂಬಬೇಕಾಗಿಲ್ಲ. ಬಂದದ್ದು ನಿಜವಾದ ಎಲ್‌ಟಿಪಿ ಎಂದು ತೋರಿಸಲು ಕೆಲವು ಹೋಳುಗಳಲ್ಲಿ ಆ ಗ್ರಾಹಕವನ್ನು ತಡೆಯುವ ಎಪಿ5 ಎಂಬ ರಾಸಾಯನಿಕವನ್ನು 50 ಮೈಕ್ರೋಮೋಲಾರ್ ಹಾಕಿ, ಏರಿಕೆ ನಿಲ್ಲಬೇಕು. ಲೆಕ್ಕ ಬರೆಯುವಾಗ ಒಂದು ಇಲಿಯ ನಾಲ್ಕು ಹೋಳು ನಾಲ್ಕು ಪ್ರಯೋಗವಲ್ಲ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಇಇಜಿ (ಮೆದುಳಿನ ವಿದ್ಯುತ್ ಅಲೆ ಅಳೆಯುವ) ಸರ್ಕ್ಯೂಟ್ ಮಾಡಿದ್ದೇವೆ. ಆರ್ಡುಯಿನೋ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದರೆ 10 ಹರ್ಟ್ಸ್‌ನ ಅಚ್ಚುಕಟ್ಟಾದ ಆಲ್ಫಾ ಅಲೆ ಬರುತ್ತದೆ. ಆದರೆ ಕಣ್ಣು ಬಿಟ್ಟರೂ ಮುಚ್ಚಿದರೂ ಅದೇ ಅಲೆ. ಯಾಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹುಬ್ಬಳ್ಳಿ

ಅದು ಮೆದುಳಲ್ಲ, ಕರೆಂಟು. ನಿಮ್ಮ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಮಾದರಿ ತೆಗೆಯುತ್ತಿದೆ ಎಂದು ಎಣಿಸಿ. ಪ್ರತಿ ಅಳತೆಯನ್ನೂ ಸೀರಿಯಲ್ ಮಾನಿಟರಿಗೆ ಬರೆಯುತ್ತಾ ಹೋದರೆ ವೇಗ ಸೆಕೆಂಡಿಗೆ 60ರ ಹತ್ತಿರಕ್ಕೆ ಇಳಿದಿರಬಹುದು. 60ರಂತೆ ಮಾದರಿ ತೆಗೆದಾಗ ಗೋಡೆಯ 50 ಹರ್ಟ್ಸ್ ಕರೆಂಟು, 60ರಿಂದ 50 ಕಳೆದ 10 ಹರ್ಟ್ಸ್ ಅಲೆಯಾಗಿ ವೇಷ ಹಾಕಿಕೊಂಡು ಬರುತ್ತದೆ. ಅದೂ ಸರಿಯಾಗಿ ಆಲ್ಫಾ ಪಟ್ಟಿಯ ನಡುವೆ. ಟೈಮರ್ ಇಂಟರಪ್ಟ್ ಬಳಸಿ ಸೆಕೆಂಡಿಗೆ 250 ಮಾದರಿ ಖಚಿತವಾಗಿ ತೆಗೆಯಿರಿ. ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಗೆ ಮೊದಲೇ, ಸರ್ಕ್ಯೂಟಿನಲ್ಲಿಯೇ, ಸುಮಾರು 40 ಹರ್ಟ್ಸ್ ಮೇಲಿನದನ್ನು ತಗ್ಗಿಸುವ ಫಿಲ್ಟರ್ ಇರಲಿ. ಮಾದರಿ ತೆಗೆದ ಮೇಲೆ ಸಾಫ್ಟ್‌ವೇರಿನಲ್ಲಿ ಏನು ಸೋಸಿದರೂ ವೇಷಧಾರಿ ಹೋಗುವುದಿಲ್ಲ.

ನೆತ್ತಿಯ ಮೇಲೆ ಸಿಗುವ ಸಿಗ್ನಲ್ 10ರಿಂದ 100 ಮೈಕ್ರೋವೋಲ್ಟ್. 5 ವೋಲ್ಟ್ ವ್ಯಾಪ್ತಿಯ ಹತ್ತು ಬಿಟ್ಟಿನ ಎಡಿಸಿಯಲ್ಲಿ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಆದ್ದರಿಂದ ಹತ್ತು ಸಾವಿರ ಪಟ್ಟು ವರ್ಧನೆಯಾದರೂ ಬೇಕು. ಎಲೆಕ್ಟ್ರೋಡ್ ಪ್ರತಿರೋಧ 5 ಕಿಲೋಓಮ್‌ಗಿಂತ ಕೆಳಗಿರಲಿ. ಅದಕ್ಕಿಂತ ಮುಖ್ಯವಾಗಿ ಎಲ್ಲ ಎಲೆಕ್ಟ್ರೋಡುಗಳದೂ ಒಂದೇ ಸಮ ಇರಲಿ, ಅಸಮವಾದಷ್ಟೂ 50 ಹರ್ಟ್ಸ್ ಒಳನುಗ್ಗುತ್ತದೆ. ನಮ್ಮಲ್ಲಿ ಮುಖ್ಯ ಶತ್ರು ಕೊಬ್ಬರಿ ಎಣ್ಣೆ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದ ತಲೆಯೇ ಬೇಕು. ಚರ್ಮವನ್ನು ಸ್ಪಿರಿಟಿನಲ್ಲಿ ಒರೆಸಿ, ಜೆಲ್ ಹಚ್ಚಿ ಮೆಲ್ಲಗೆ ತಿಕ್ಕಿ. ವೈರುಗಳನ್ನು ಜಡೆಯಂತೆ ಹೆಣೆಯಿರಿ, ಟ್ಯೂಬ್‌ಲೈಟ್ ಆರಿಸಿ. ಸರ್ಕ್ಯೂಟ್ ಬ್ಯಾಟರಿಯಲ್ಲಿ ನಡೆಯಲಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿರಲಿ. ಇದು ಸ್ವಚ್ಛ ಸಿಗ್ನಲಿಗಾಗಿ ಮಾತ್ರವಲ್ಲ, ತಲೆಗೆ ತಂತಿ ಅಂಟಿಸಿಕೊಂಡು ಕೂತವರ ಜೀವಕ್ಕಾಗಿ.

ಆಲ್ಫಾ ಹುಡುಕಬೇಕಾದ್ದು ಹಿಂದಲೆಯ ಓ1, ಓ2 ಜಾಗದಲ್ಲಿ. ಹಣೆಯ ಮೇಲಿಟ್ಟರೆ ಕಣ್ಣು ಮಿಟುಕಿಸಿದ್ದೇ ದೊಡ್ಡದಾಗಿ ಕಾಣುತ್ತದೆ. ಕಣ್ಣು ಮುಚ್ಚಿದ ಒಂದೆರಡು ಸೆಕೆಂಡಿನಲ್ಲಿ 8–13 ಹರ್ಟ್ಸ್ ಏರಬೇಕು, ಬಿಟ್ಟೊಡನೆ ತಗ್ಗಬೇಕು. 1920ರ ದಶಕದಲ್ಲಿ ಜರ್ಮನಿಯ ಹ್ಯಾನ್ಸ್ ಬರ್ಗರ್ ತನ್ನ ಅಲೆ ಮೆದುಳಿನದೇ ಎಂದು ಒಪ್ಪಿಸಲು ಒದ್ದಾಡಿದಾಗ ಅವನಿಗೂ ನೆರವಾದದ್ದು ಈ ಕಣ್ಣುಮುಚ್ಚಾಲೆಯೇ.

ನಮ್ಮೂರಲ್ಲಿ ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಕ್ಲಾಸು ಶುರುವಾಗಿದೆ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾರೆ. ಮಗನನ್ನು ಸೇರಿಸಬಹುದೇ?
– ಒಬ್ಬ ತಾಯಿ, ತುಮಕೂರು

ಬೇಡ. ಮಿಡ್‌ಬ್ರೇನ್ ಅಂದರೆ ಮೆದುಳಿನ ಕಾಂಡದ ಮೇಲ್ತುದಿಯ, ಸುಮಾರು 2 ಸೆಂ.ಮೀ. ಉದ್ದದ ಭಾಗ. ಕಣ್ಣಾಲಿ ಹೊರಳಿಸುವುದು, ಸದ್ದಾದ ಕಡೆ ತಲೆ ತಿರುಗಿಸುವುದು, ಎಚ್ಚರವಾಗಿರುವುದು ಇದರ ಕೆಲಸಗಳಲ್ಲಿ ಸೇರಿವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಡೋಪಮಿನ್ ಕೋಶಗಳೂ ಇಲ್ಲಿಯವೇ. ಅದು ನಿಮ್ಮ ಮಗನಲ್ಲಿ ಈಗಾಗಲೇ ಚಾಲೂ ಇದೆ. ಇಲ್ಲದಿದ್ದರೆ ಅವನು ಬೆಳಿಗ್ಗೆ ಎದ್ದೇಳುತ್ತಿರಲಿಲ್ಲ.

ಬಟ್ಟೆ ಎಷ್ಟೇ ದಪ್ಪವಿರಲಿ, ಮೂಗಿನ ಪಕ್ಕದ ಸಂದಿಯಿಂದ ಕೆಳಗಿನದು ಕಾಣುತ್ತದೆ. ಪರೀಕ್ಷೆ ಸುಲಭ: ಪುಸ್ತಕವನ್ನು ಹಣೆಯ ಎತ್ತರಕ್ಕೆ ಹಿಡಿಯಿರಿ, ಅಥವಾ ಗಲ್ಲದ ಕೆಳಗೆ ಅಡ್ಡಲಾಗಿ ಒಂದು ರಟ್ಟು ಇಡಿ, ಅಥವಾ ಈಜುಗನ್ನಡಕಕ್ಕೆ ಒಳಗಿನಿಂದ ಕಪ್ಪು ಟೇಪು ಅಂಟಿಸಿ ಹಾಕಿಸಿ. ಓದು ನಿಂತುಹೋಗುತ್ತದೆ. ಮಗುವನ್ನು ಗದರಬೇಡಿ, ಫೀಸು ಕೊಟ್ಟ ದೊಡ್ಡವರನ್ನು ಖುಷಿಪಡಿಸಲು ಅದು ಇಣುಕಿರುತ್ತದೆ, ಅಷ್ಟೇ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ, ಜೀವಶಾಸ್ತ್ರ ಬಿಟ್ಟು ಐದು ವರ್ಷವಾಯಿತು. ನರವಿಜ್ಞಾನಕ್ಕೆ ಬರಬಹುದೇ?
– ಕಲಬುರಗಿ

ಧಾರಾಳವಾಗಿ. ಬೆಂಗಳೂರಿನ ಐಐಎಸ್‌ಸಿಯ ನರವಿಜ್ಞಾನ ಕೇಂದ್ರದಲ್ಲಿ ಭೌತಶಾಸ್ತ್ರ, ಎಂಜಿನಿಯರಿಂಗ್ ಹಿನ್ನೆಲೆಯವರು ಕೆಲಸ ಮಾಡುತ್ತಾರೆ. ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ನಿಮ್ಹಾನ್ಸ್, ಹರಿಯಾಣದ ಮಾನೇಸರಿನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ಪ್ರಕಟಣೆಗಳನ್ನೂ ನೋಡುತ್ತಿರಿ. ಅರ್ಹತೆ, ಪರೀಕ್ಷೆ ಒಂದೊಂದು ಕಡೆ ಒಂದೊಂದು ಥರ.

ತಯಾರಿಗೆ, ಸ್ಪೈಕ್ ಹೇಗೆ ಹುಟ್ಟುತ್ತದೆಂದು ಹೇಳುವ ಹಾಜ್‌ಕಿನ್–ಹಕ್ಸ್‌ಲಿಯವರ 1952ರ ಸಮೀಕರಣಗಳನ್ನು ಪೈಥಾನಿನಲ್ಲಿ ನೀವೇ ಬರೆಯಿರಿ. ಗರಿಷ್ಠ ವಾಹಕತೆ ಚದರ ಸೆಂ.ಮೀ.ಗೆ ಸೋಡಿಯಂ 120, ಪೊಟ್ಯಾಸಿಯಂ 36, ಸೋರಿಕೆ 0.3 ಮಿಲಿಸೀಮೆನ್ಸ್, ಸಮತೋಲನ ವೋಲ್ಟೇಜ್ ಕ್ರಮವಾಗಿ +50, −77, −54.4 ಮಿಲಿವೋಲ್ಟ್. ಚದರ ಸೆಂ.ಮೀ.ಗೆ 10 ಮೈಕ್ರೋಆಂಪಿಯರ್ ಹರಿಸಿದರೆ ಸಾಲುಸಾಲು ಸ್ಪೈಕ್ ಬರಬೇಕು. ಬಾರದಿದ್ದರೆ ಹೆಚ್ಚಿನ ಸಲ ಕಾರಣ ಇವು: ಮೂಲ ಲೇಖನದಲ್ಲಿ ವಿಶ್ರಾಂತ ಸ್ಥಿತಿಯನ್ನು ಸೊನ್ನೆ ಎಂದಿಟ್ಟು ಚಿಹ್ನೆಯನ್ನೂ ಈಗಿನದಕ್ಕೆ ತಿರುವುಮುರುವಾಗಿ ಹಿಡಿದಿದ್ದಾರೆ, ನೀವು ಹೊಸದನ್ನೂ ಹಳೆಯದನ್ನೂ ಬೆರೆಸಿದ್ದೀರಿ, ಸಮಯದ ಹೆಜ್ಜೆ ದೊಡ್ಡದಾಗಿದೆ, 0.01 ಮಿಲಿಸೆಕೆಂಡ್ ಇಡಿ. ಅಥವಾ ಆಲ್ಫಾ-ಎಂ (ಸೋಡಿಯಂ ಚಾನೆಲ್ ತೆರೆಯುವ ದರ) ಸೂತ್ರ ಒಂದು ವೋಲ್ಟೇಜಿನಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗಿ ಮುಗ್ಗರಿಸಿದೆ. ಅಂಕಿಗಳು 6.3 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದ ಸ್ಕ್ವಿಡ್‌ನವು. ಅವನ್ನೇ ಹಿಗ್ಗಿಸಿ 37 ಡಿಗ್ರಿಗೆ ಒಯ್ದರೆ ಸ್ಪೈಕ್ ಕುಗ್ಗಿ ಮಾಯವಾಗುತ್ತದೆ.

ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯದಲ್ಲಿ ಮನುಷ್ಯನ ಮೆದುಳನ್ನು ಮುಟ್ಟಿ ನೋಡಿದೆ. ರಬ್ಬರಿನಂತೆ ಗಟ್ಟಿಯಾಗಿತ್ತು. ತಲೆಯೊಳಗೂ ಹಾಗೇ ಇರುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ಬೆಂಗಳೂರು

ಇಲ್ಲ. ತಾಜಾ ಮೆದುಳು ಎಳನೀರಿನ ಗಂಜಿಯಷ್ಟು ಮೆತ್ತಗೆ. ಮೇಜಿನ ಮೇಲಿಟ್ಟರೆ ತನ್ನ ಭಾರಕ್ಕೇ ಕುಸಿಯುತ್ತದೆ. ನೀವು ಮುಟ್ಟಿದ್ದು ಫಾರ್ಮಲಿನ್‌ನಲ್ಲಿ ಗಟ್ಟಿಯಾದದ್ದು. ಶೇ 10ರ ಫಾರ್ಮಲಿನ್‌ನಲ್ಲಿ ಎರಡು ಮೂರು ವಾರ ಇಟ್ಟರೆ ಪ್ರೋಟೀನುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಇಡುವಾಗ ಪಾತ್ರೆಯ ತಳದಲ್ಲಿ ಕೂರಿಸುವುದಿಲ್ಲ: ಬುಡದ ಬೇಸಿಲಾರ್ ರಕ್ತನಾಳದ ಅಡಿಗೆ ದಾರ ತೂರಿಸಿ, ತಲೆಕೆಳಗಾಗಿ ದ್ರವದಲ್ಲಿ ತೇಲುವಂತೆ ತೂಗುಹಾಕುತ್ತಾರೆ. ತಳಕ್ಕೆ ತಾಗಿದರೆ ಆ ಬದಿ ಚಪ್ಪಟೆಯಾಗಿ ಹಾಗೇ ಗಟ್ಟಿಯಾಗಿಬಿಡುತ್ತದೆ. ಸಂಶೋಧನೆಗೆ ದಾನ ಬಂದ ಮೆದುಳಿನಲ್ಲಿ ಒಂದು ಭಾಗವನ್ನು ಹೀಗೆ ಇಟ್ಟು, ಇನ್ನೊಂದನ್ನು −80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುವುದುಂಟು; ಆರ್‌ಎನ್‌ಎ, ಪ್ರೋಟೀನ್ ಪರೀಕ್ಷೆಗೆ ಫಾರ್ಮಲಿನ್ ಅಷ್ಟಾಗಿ ಒಗ್ಗುವುದಿಲ್ಲ. ದಾನ ಮಾಡುವ ಮನಸ್ಸಿದ್ದರೆ ಮನೆಯವರಿಗೆ ಈಗಲೇ ಹೇಳಿಡಿ. ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಅವರು, ತಡವಾದಷ್ಟೂ ಆರ್‌ಎನ್‌ಎ ಕೆಡಬಹುದು.

ಹೈಸ್ಕೂಲು ಮಕ್ಕಳಿಗೆ ನರಮಂಡಲದ ಪಾಠ ಮಾಡುತ್ತೇನೆ. ಪ್ರಾಣಿ ಕೊಯ್ಯದೆ, ಖರ್ಚಿಲ್ಲದೆ ಮಾಡಿಸಬಹುದಾದ ಪ್ರಯೋಗ ಹೇಳಿ.
– ವಿಜ್ಞಾನ ಶಿಕ್ಷಕಿ, ಕುಂದಾಪುರ

30 ಸೆಂ.ಮೀ. ಸ್ಕೇಲು ಸಾಕು. ಒಬ್ಬರು ಮೇಲ್ತುದಿ ಹಿಡಿಯಲಿ, ಇನ್ನೊಬ್ಬರು ಸೊನ್ನೆಯ ಗೆರೆಯ ಆಚೀಚೆ ಬೆರಳು ತೆರೆದಿಟ್ಟು, ಬಿಟ್ಟೊಡನೆ ಹಿಡಿಯಲಿ. 15 ಸೆಂ.ಮೀ.ಗೆ ಹಿಡಿದರೆ 0.175 ಸೆಕೆಂಡ್, 20ಕ್ಕೆ 0.2, 30ಕ್ಕೆ ಸುಮಾರು 0.25. ಯಾರಾದರೂ 5 ಸೆಂ.ಮೀ.ಗೇ ಹಿಡಿದರೆ 0.1 ಸೆಕೆಂಡಾಯಿತು, ಅದು ಚುರುಕಲ್ಲ, ಊಹೆ, ಆ ಸಂಖ್ಯೆಯನ್ನು ಬಿಡಿ. ಬಿಡುವವರು ಪ್ರತಿ ಸಲ ಬೇರೆ ಬೇರೆ ಹೊತ್ತು ಕಾಯಬೇಕು, ‘ಒಂದು ಎರಡು ಮೂರು’ ಹೇಳಬಾರದು. ಹತ್ತು ಸಲ ಮಾಡಿಸಿ ನಡುವಿನ ಬೆಲೆ ತೆಗೆಯಲಿ. ಆಮೇಲೆ ಕೇಳಿ: ತೋಳಿನ ನರದಲ್ಲಿ ಸಂದೇಶ ಸೆಕೆಂಡಿಗೆ 50 ಮೀಟರಿನಂತೆ ಓಡಿದರೆ ಒಂದು ಮೀಟರಿಗೆ 0.02 ಸೆಕೆಂಡ್ ಸಾಕು, ಉಳಿದ ಹೊತ್ತು ಎಲ್ಲಿ ಹೋಯಿತು? ಕಣ್ಣಿನ ಅಕ್ಷಿಪಟಲ, ಮೆದುಳು, ಸ್ನಾಯು ಎಂದು ಮಕ್ಕಳೇ ಹುಡುಕುತ್ತಾರೆ.

ಕುರುಡು ಚುಕ್ಕೆಗೆ ಕಾಗದದಲ್ಲಿ ಎಡಕ್ಕೊಂದು ಗುಣಿಸು ಗುರುತು, 7 ಸೆಂ.ಮೀ. ಬಲಕ್ಕೊಂದು ದಪ್ಪ ಚುಕ್ಕೆ ಬರೆಸಿ. ಎಡಗಣ್ಣು ಮುಚ್ಚಿ, ಬಲಗಣ್ಣು ಗುಣಿಸು ಗುರುತಿನ ಮೇಲೇ ನೆಟ್ಟಿರಲಿ; ಕಾಗದವನ್ನು 40 ಸೆಂ.ಮೀ.ನಿಂದ ಹತ್ತಿರ ತಂದರೆ 26ರ ಸುಮಾರಿಗೆ ಚುಕ್ಕೆ ಮಾಯ. ಆಗಲಿಲ್ಲ ಎನ್ನುವ ಮಕ್ಕಳು ಒಂದೋ ಕಣ್ಣನ್ನು ಚುಕ್ಕೆಗೆ ಸರಿಸಿರುತ್ತಾರೆ, ಇಲ್ಲವೇ ಬಲಗಣ್ಣು ಮುಚ್ಚಿರುತ್ತಾರೆ. ಚುಕ್ಕೆಯ ಮೂಲಕ ಒಂದು ಗೆರೆ ಎಳೆದು ಮತ್ತೆ ಮಾಡಿಸಿದರೆ, ಚುಕ್ಕೆ ಹೋದ ಜಾಗದಲ್ಲಿ ಗೆರೆ ಮುರಿಯದೆ ಕಾಣುತ್ತದೆ.

ಮೂರನೆಯದಕ್ಕೆ ಜಾಮಿಟ್ರಿ ಬಾಕ್ಸಿನ ಡಿವೈಡರ್, ತುದಿಗಳನ್ನು ತುಸು ಮೊಂಡು ಮಾಡಿ. ಬೆರಳ ತುದಿಯಲ್ಲಿ 2–3 ಮಿ.ಮೀ. ಅಂತರದ ಎರಡು ಚುಕ್ಕೆ ಎರಡೇ ಎನ್ನಿಸುತ್ತದೆ. ಮುಂದೋಳಿನಲ್ಲಿ 35–40 ಮಿ.ಮೀ. ಬೇಕಾಗುತ್ತದೆ. ಕಣ್ಣು ಮುಚ್ಚಿದ ಮಗು ಅಭ್ಯಾಸಬಲದಿಂದ ‘ಎರಡು’ ಎಂದೇ ಹೇಳುತ್ತಾ ಹೋಗುತ್ತದೆ, ಆದ್ದರಿಂದ ನಡುನಡುವೆ ಒಂದೇ ತುದಿ ಮುಟ್ಟಿಸಿ. ಎರಡು ತುದಿಯೂ ಒಟ್ಟಿಗೇ ತಾಗಬೇಕು. ಒಂದು ಮೊದಲು ತಾಗಿದರೆ ಮಗು ಅಂತರವನ್ನಲ್ಲ, ಸಮಯವನ್ನು ಎಣಿಸುತ್ತದೆ.